ಸಹಿ ಹಾಕದ ಬಿಲ್ ರಸೆಲ್

1972ರ ಮಾರ್ಚ್ 12ರಂದು ಬಾಸ್ಟನ್ ಗಾರ್ಡನ್ ಕ್ರೀಡಾಂಗಣದಲ್ಲಿ ಸೆಲ್ಟಿಕ್ಸ್ ತಂಡದ ಬ್ಯಾಸ್ಕೆಟ್‌ಬಾಲ್ ಪಂದ್ಯವಿತ್ತು. ಪ್ರೇಕ್ಷಕರಿಗೆ ಬಾಗಿಲು ತೆರೆಯುವ ಮೊದಲು, ಸಾಲು ಸಾಲು ಖಾಲಿ ಕುರ್ಚಿಗಳ ಎದುರು, ಅಲ್ಲೊಂದು ಪುಟ್ಟ ಕಾರ್ಯಕ್ರಮ ನಡೆಯಿತು. ಹಳೆಯ ಜೊತೆಗಾರರು ಒಂದಷ್ಟು ಜನ, ತಂಡದ ಸರ್ವಸ್ವವೂ ಆಗಿದ್ದ ರೆಡ್ ಆವರ್‌ಬ್ಯಾಕ್, ಮತ್ತು ನಡುವೆ ಸುಮಾರು 6 ಅಡಿ 10 ಅಂಗುಲದ ಒಬ್ಬ ಗಡ್ಡದ ಮನುಷ್ಯ. 6 ಎಂಬ ಅಂಕಿಯಿರುವ ಬಾವುಟವನ್ನು ಛಾವಣಿಯತ್ತ ಎಳೆದರು. ಅಷ್ಟಾದ ಮೇಲೆ ಜನರನ್ನು ಒಳಗೆ ಬಿಟ್ಟರು.

ಅಮೆರಿಕದ ಆಟಗಳಲ್ಲಿ ಇದೊಂದು ದೊಡ್ಡ ಗೌರವ. ಮಹಾನ್ ಆಟಗಾರ ತೊಡುತ್ತಿದ್ದ ಸಂಖ್ಯೆಯನ್ನು ಆ ತಂಡದಲ್ಲಿ ಮತ್ತೆ ಯಾರೂ ತೊಡದಂತೆ ನಿವೃತ್ತಿಗೊಳಿಸುತ್ತಾರೆ. ಸಾಮಾನ್ಯವಾಗಿ ಕ್ರೀಡಾಂಗಣ ತುಂಬಿ ತುಳುಕುವಾಗ, ಜನ ಎದ್ದು ನಿಂತು ಚಪ್ಪಾಳೆ ಹೊಡೆಯುವಾಗ, ಆಟಗಾರ ಕಣ್ಣೊರೆಸಿಕೊಳ್ಳುವಾಗ ಇದು ನಡೆಯುತ್ತದೆ. ಬಿಲ್ ರಸೆಲ್ ಮಾತ್ರ ಜನರ ಮುಂದೆ ಬೇಡ ಎಂದರು. ಆಡಿದ್ದು ತಂಡಕ್ಕಾಗಿ, ಜೊತೆಗಾರರಿಗಾಗಿ, ಅವರಿದ್ದರೆ ಸಾಕು ಎಂಬುದು ಅವರ ನಿಲುವು.

ಆ ಮನುಷ್ಯ ಬಾಸ್ಟನ್ನಿಗೆ ಕೊಟ್ಟದ್ದೇನು ಎಂದು ನೋಡಿದರೆ ಈ ಖಾಲಿ ಕುರ್ಚಿಗಳು ಇನ್ನೂ ವಿಚಿತ್ರವಾಗಿ ಕಾಣುತ್ತವೆ. 1956ರಿಂದ 1969ರವರೆಗೆ 13 ಋತುಗಳು, ಅದರಲ್ಲಿ 11 ಚಾಂಪಿಯನ್‌ಷಿಪ್. 1959ರಿಂದ 1966ರವರೆಗೆ ಸತತವಾಗಿ ಎಂಟು. ಕೊನೆಯ ಎರಡನ್ನು ಗೆದ್ದಾಗ ಅವರೇ ಆಟಗಾರ, ಅವರೇ ಕೋಚ್. ಅಮೆರಿಕದ ಯಾವ ದೊಡ್ಡ ವೃತ್ತಿಪರ ಲೀಗಿನಲ್ಲೂ ಯಾವ ಆಟಗಾರನೂ ಇದಕ್ಕಿಂತ ಹೆಚ್ಚು ಗೆದ್ದಿಲ್ಲ. ಏಳನೆಯ, ಅಂದರೆ ಆರು ಪಂದ್ಯ ಸಮಸಮವಾಗಿ ಮುಗಿದು ಸರಣಿಯನ್ನೇ ನಿರ್ಧರಿಸುವ ಪಂದ್ಯಗಳನ್ನು ಅವರು ಆಡಿದ್ದು ಹತ್ತು. ಹತ್ತನ್ನೂ ಗೆದ್ದರು.

ಅದೇ ಊರು ಅವರನ್ನು ಸೊಕ್ಕಿನವನು ಎಂದಿತು. ಅವರು ಆ ಊರಿನ ಜನರಿಗೆ ಆಟೋಗ್ರಾಫ್ ಕೊಡುತ್ತಿರಲಿಲ್ಲ.

ಮುಂದೆ ಹೋಗುವ ಮೊದಲು ಒಂದು ವ್ಯಾಕರಣದ ಮಾತು. ಕನ್ನಡದಲ್ಲಿ ಆಟಗಾರರ ಬಗ್ಗೆ ಮಾತಾಡುವಾಗ ನಾವು ಸಲೀಸಾಗಿ ಏಕವಚನಕ್ಕೆ ಇಳಿಯುತ್ತೇವೆ. ದ್ರಾವಿಡ್ ನಿಂತ, ಕುಂಬ್ಳೆ ಹಾಕಿದ, ಸಚಿನ್ ಔಟಾದ. ಇದರಲ್ಲಿ ಅಗೌರವ ಒಂದಿಷ್ಟೂ ಇಲ್ಲ. ನಮ್ಮವನು ಎಂಬ ಸಲಿಗೆ ಅದು, ಮನೆಮಗನಿಗೆ ಕೊಡುವ ಏಕವಚನ. ರಸೆಲ್ ಬಗ್ಗೆ ಬರೆಯಲು ಕೂತಾಗ ನನ್ನ ಕೈಯೂ ಮೊದಲು ಹಾಗೇ ಓಡಿತು. ಎರಡು ಪುಟವಾದ ಮೇಲೆ ನಿಲ್ಲಿಸಿ ಎಲ್ಲವನ್ನೂ ಬಹುವಚನಕ್ಕೆ ತಿದ್ದಿದೆ. ಅವರು ಹುಟ್ಟಿದ ದಕ್ಷಿಣ ಅಮೆರಿಕನ್ ರಾಜ್ಯಗಳಲ್ಲಿ ಅರವತ್ತು ವರ್ಷದ ಕಪ್ಪು ಮನುಷ್ಯನನ್ನೂ ಬಿಳಿಯರ ಮಕ್ಕಳು 'ಹುಡುಗಾ' ಎಂದು ಕರೆಯಬಹುದಿತ್ತು. ಜೀವನವಿಡೀ ಆ ಮನುಷ್ಯ ಬೇಡ ಎಂದದ್ದು ಅಭಿಮಾನಿಗಳ ಸಲಿಗೆಯನ್ನೇ. ಹಾಗಾಗಿ ಈ ಬರಹದಲ್ಲಿ ಅವರು 'ಅವರು'.

ರಸೆಲ್ ಹುಟ್ಟಿದ್ದು 1934ರ ಫೆಬ್ರವರಿ 12ರಂದು, ಲೂಯಿಸಿಯಾನಾ ರಾಜ್ಯದ ಮನ್ರೋ ಕಡೆ. ಅಲ್ಲಿನ ಎರಡು ಘಟನೆಗಳನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು. ಅಪ್ಪ ಪೆಟ್ರೋಲ್ ಹಾಕಿಸಲು ಕಾರು ನಿಲ್ಲಿಸಿದ್ದಾರೆ. ಬಂಕಿನವನು ಬಿಳಿಯರಿಗೆಲ್ಲ ಮೊದಲು ಹಾಕುತ್ತಾ ಕಾಯಿಸುತ್ತಿದ್ದಾನೆ. ಅಪ್ಪ ಬೇಸತ್ತು ಹೊರಡಲು ನೋಡಿದರೆ ಅವನು ಬಂದೂಕು ತಂದು ಮುಖಕ್ಕೆ ಹಿಡಿಯುತ್ತಾನೆ. ಇನ್ನೊಂದು, ಅಮ್ಮ ಒಂದು ದಿನ ಚೆಂದದ ಸೂಟು ಹೊಲಿಸಿ ಹಾಕಿಕೊಂಡು ಪೇಟೆಗೆ ಹೋದದ್ದು. ಪೊಲೀಸಿನವನೊಬ್ಬ ತಡೆದು, ಬಿಳಿ ಹೆಂಗಸರ ಬಟ್ಟೆ ನಿನಗೇಕೆ, ಮನೆಗೆ ಹೋಗಿ ಬಿಚ್ಚಿಡು ಎಂದ. ಅಮ್ಮ ಅಳುತ್ತಾ ಮನೆಗೆ ಬಂದರು. ಕುಟುಂಬ ಕ್ಯಾಲಿಫೋರ್ನಿಯಾದ ಓಕ್‌ಲೆಂಡಿಗೆ ವಲಸೆ ಹೋಯಿತು. ಅಲ್ಲಿ ರಸೆಲ್‌ಗೆ 12 ವರ್ಷವಾದಾಗ ಆ ಅಮ್ಮ ತೀರಿಕೊಂಡರು.

ಹೈಸ್ಕೂಲಿನಲ್ಲಿ ಅವರು ಅಂಥ ದೊಡ್ಡ ಆಟಗಾರರೇನೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಬೇರೆಯೇ ಆಟ ಶುರುವಾಯಿತು. 1955 ಮತ್ತು 1956ರಲ್ಲಿ ಆ ತಂಡ ರಾಷ್ಟ್ರೀಯ ಕಾಲೇಜು ಚಾಂಪಿಯನ್. ಬುಟ್ಟಿಯ ಕೆಳಗಿನ ಜಾಗ ಇವರೊಬ್ಬರದೇ ಆಗಿಬಿಟ್ಟಿತೆಂದು ಕಾಲೇಜು ಬ್ಯಾಸ್ಕೆಟ್‌ಬಾಲ್‌ನವರು ಅಲ್ಲಿನ ಗೆರೆಗಳ ನಡುವಿನ ಅಗಲವನ್ನು 6 ಅಡಿಯಿಂದ 12 ಅಡಿಗೆ ಹೆಚ್ಚಿಸಿದರು. 1954ರ ಡಿಸೆಂಬರಿನಲ್ಲಿ ಒಕ್ಲಹೋಮಾ ಸಿಟಿಯ ಪಂದ್ಯಾವಳಿಗೆ ಹೋದಾಗ ಹೋಟೆಲುಗಳು ಕಪ್ಪು ಆಟಗಾರರಿಗೆ ಕೋಣೆ ಕೊಡಲಿಲ್ಲ. ಇಡೀ ತಂಡ ರಜೆಗೆ ಮುಚ್ಚಿದ್ದ ಒಂದು ಕಾಲೇಜು ಹಾಸ್ಟೆಲಿನಲ್ಲಿ ಉಳಿಯಿತು.

1956ರ ಕೊನೆಯಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್. ಅಂತಿಮ ಪಂದ್ಯದಲ್ಲಿ ಸೋವಿಯತ್ ತಂಡವನ್ನು 89–55ರಲ್ಲಿ ಸೋಲಿಸಿ ಚಿನ್ನ ಗೆದ್ದು, ಡಿಸೆಂಬರಿನಲ್ಲಿ ರಸೆಲ್ ಬಾಸ್ಟನ್ನಿಗೆ ಬಂದರು. ನಾಲ್ಕು ತಿಂಗಳಲ್ಲಿ ಸೆಲ್ಟಿಕ್ಸ್ ತನ್ನ ಇತಿಹಾಸದ ಮೊದಲ ಚಾಂಪಿಯನ್‌ಷಿಪ್ ಗೆದ್ದಿತು. ಸೇಂಟ್ ಲೂಯಿಸ್ ವಿರುದ್ಧದ ಆ ಕೊನೆಯ ಪಂದ್ಯ ಎರಡು ಸಲ ಹೆಚ್ಚುವರಿ ಸಮಯಕ್ಕೆ ಹೋಗಿ 125–123ಕ್ಕೆ ಮುಗಿಯಿತು.

ಅವರ ಆಟದ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಜಗಳದ ಒಂದು ಬೇರು ಅಲ್ಲೂ ಇದೆ. ಬ್ಯಾಸ್ಕೆಟ್‌ಬಾಲ್ ನೋಡುವವರ ಕಣ್ಣು ಚೆಂಡು ಬುಟ್ಟಿಗೆ ಹಾಕುವವನ ಮೇಲಿರುತ್ತದೆ. ರಸೆಲ್ ಹಾಕುತ್ತಿದ್ದದ್ದು ಪಂದ್ಯಕ್ಕೆ ಸರಾಸರಿ 15 ಅಂಕ, ಹೇಳಿಕೊಳ್ಳುವಂಥದ್ದಲ್ಲ. ಅವರ ಕೆಲಸ ಎದುರಾಳಿ ಹಾಕದ ಹಾಗೆ ನೋಡಿಕೊಳ್ಳುವುದು. ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆಯುವಾಗ ಬೇರೆಯವರು ಅದನ್ನು ಪ್ರೇಕ್ಷಕರ ಗ್ಯಾಲರಿಗೆ ಅಟ್ಟುತ್ತಿದ್ದರು. ನೋಡಲು ಬಲು ಚೆಂದ, ಆದರೆ ಚೆಂಡು ಮತ್ತೆ ಎದುರಾಳಿಗೇ. ರಸೆಲ್ ಮೆಲ್ಲಗೆ ತಟ್ಟಿ ತಮ್ಮವರ ಕೈಗೇ ಬೀಳುವಂತೆ ಮಾಡುತ್ತಿದ್ದರು. ಬುಟ್ಟಿಗೆ ಬಡಿದು ಪುಟಿದ ಚೆಂಡುಗಳನ್ನು ಹಿಡಿದದ್ದು ಒಟ್ಟು 21,620, ಪಂದ್ಯಕ್ಕೆ 22ಕ್ಕಿಂತ ಹೆಚ್ಚು. ಪ್ರತಿ ದೊಡ್ಡ ಪಂದ್ಯದ ಮೊದಲು ಉದ್ವೇಗದಿಂದ ವಾಂತಿ ಮಾಡಿಕೊಳ್ಳುತ್ತಿದ್ದರು. ಜೊತೆಗಾರರಿಗೆ ಆ ಸದ್ದು ಕೇಳಿಸಿದರೆ ಸಮಾಧಾನ.

ಇಂಥ ಆಟ ಆಟಗಾರರಿಗೆ ಅರ್ಥವಾಗುತ್ತದೆ, ಬರೆಯುವವರಿಗೆ ಅಷ್ಟು ಬೇಗ ಆಗುವುದಿಲ್ಲ. ಆಗ ವರ್ಷದ ಶ್ರೇಷ್ಠ ಆಟಗಾರನನ್ನು ಆರಿಸುತ್ತಿದ್ದವರು ಸ್ವತಃ ಆಟಗಾರರು. 1958ರಲ್ಲಿ ಅವರು ರಸೆಲ್‌ರನ್ನು ಆರಿಸಿದರು. ವರ್ಷದ ಶ್ರೇಷ್ಠ ತಂಡವನ್ನು ಆರಿಸುತ್ತಿದ್ದವರು ಪತ್ರಕರ್ತರು. ಅವರು ಅದೇ ವರ್ಷ ರಸೆಲ್‌ರನ್ನು ಎರಡನೆಯ ತಂಡಕ್ಕೆ ಹಾಕಿದರು! ಇಡೀ ಲೀಗಿನಲ್ಲಿ ನಂಬರ್ ಒನ್ ಎಂದು ಎದುರಾಳಿಗಳೇ ಒಪ್ಪಿದವನು ಮೊದಲ ಐದರೊಳಗೆ ಇಲ್ಲ. 1961 ಮತ್ತು 1962ರಲ್ಲೂ ಹೀಗೇ ಆಯಿತು. 1962ರದ್ದನ್ನು ನಾನು ಪತ್ರಕರ್ತರ ತಪ್ಪು ಎನ್ನಲಾರೆ. ಅದು ವಿಲ್ಟ್ ಚೇಂಬರ್ಲಿನ್ ಪಂದ್ಯಕ್ಕೆ ಸರಾಸರಿ 50 ಅಂಕ ಹೊಡೆದ, ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ ವರ್ಷ. ಆದರೆ ಆ ವರ್ಷವೂ ಆಟಗಾರರು ಕೈ ಎತ್ತಿದ್ದು ರಸೆಲ್ ಕಡೆಗೆ.

ಈಗ ಆಟದ ಹೊರಗಿನದು. 1961ರ ಅಕ್ಟೋಬರಿನಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ಒಂದು ಪ್ರದರ್ಶನ ಪಂದ್ಯ. ಜೊತೆಗಾರರಾದ ಸ್ಯಾಮ್ ಜೋನ್ಸ್ ಮತ್ತು ಸ್ಯಾಚ್ ಸ್ಯಾಂಡರ್ಸ್ ತಾವು ಇಳಿದುಕೊಂಡಿದ್ದ ಹೋಟೆಲಿನ ಕಾಫಿ ಶಾಪಿಗೆ ಹೋದರೆ, ಕಪ್ಪು ಜನರಿಗೆ ಇಲ್ಲಿ ಊಟವಿಲ್ಲ ಎಂದರು. ವಿಷಯ ತಿಳಿದ ರಸೆಲ್, ನಾವು ಆಡುವುದಿಲ್ಲ ಎಂದರು. ಆವರ್‌ಬ್ಯಾಕ್ ಮನವೊಲಿಸಲು ನೋಡಿದರು, ಆಗಲಿಲ್ಲ. ಸೆಲ್ಟಿಕ್ಸ್‌ನ ಕಪ್ಪು ಆಟಗಾರರೆಲ್ಲ ವಿಮಾನ ಹತ್ತಿ ಊರಿಗೆ ಬಂದರು. ಎದುರಾಳಿ ಸೇಂಟ್ ಲೂಯಿಸ್ ತಂಡದ ಕಪ್ಪು ಆಟಗಾರರೂ ಹಿಂದೆ ಸರಿದರು. ಬಿಳಿಯ ಆಟಗಾರರು ಆ ರಾತ್ರಿ ಪಂದ್ಯ ಆಡಿ ಮುಗಿಸಿದರು. 1961ರಲ್ಲಿ ಇದು ಸಣ್ಣ ವಿಷಯವಲ್ಲ. ಒಲಿಂಪಿಕ್ ವೇದಿಕೆಯ ಮೇಲೆ ಮುಷ್ಟಿ ಎತ್ತಿದ ಆ ಪ್ರಸಿದ್ಧ ಚಿತ್ರಕ್ಕೆ ಇನ್ನೂ ಏಳು ವರ್ಷವಿತ್ತು.

ಆ ಕಾಲದಲ್ಲೇ ಇಂಡಿಯಾನಾದ ಮೇರಿಯನ್ ಊರಿನಲ್ಲಿ ಮೇಯರ್ ಆಟಗಾರರಿಗೆ ನಗರದ ಕೀಲಿಕೈ ಕೊಟ್ಟು ಗೌರವಿಸಿದರು. ಅದೇ ರಾತ್ರಿ ಅದೇ ಊರಿನ ಹೋಟೆಲಿನಲ್ಲಿ ಊಟ ಸಿಗಲಿಲ್ಲ. ಟ್ಯಾಕ್ಸಿ ಹಿಡಿದು ಮೇಯರ್ ಮನೆಗೆ ಹೋಗಿ, ಮಲಗಿದ್ದವರನ್ನು ಎಬ್ಬಿಸಿ ಕೀಲಿಕೈ ವಾಪಸು ಕೊಟ್ಟು ಬಂದದ್ದನ್ನು ರಸೆಲ್ ನಂತರ ನಗುತ್ತಲೇ ಹೇಳುತ್ತಿದ್ದರು. ಅವರ ನಗು ಬಲು ದೊಡ್ಡದು, ಇಡೀ ಕೋಣೆ ತುಂಬುವಂಥದ್ದು. ಗಂಟುಮುಖದ ಮನುಷ್ಯ ಎಂದು ಅಭಿಮಾನಿಗಳು ಹೇಳುತ್ತಿದ್ದದ್ದನ್ನು ಜೊತೆಗಾರರು ನಂಬುವುದಕ್ಕೇ ಆಗುತ್ತಿರಲಿಲ್ಲ.

1963ರ ಜೂನಿನಲ್ಲಿ ಮಿಸಿಸಿಪ್ಪಿಯ ಹೋರಾಟಗಾರ ಮೆಡ್ಗರ್ ಎವರ್ಸ್ ಅವರನ್ನು ಮನೆಯ ಮುಂದೆಯೇ ಗುಂಡಿಕ್ಕಿ ಕೊಂದರು. ಆ ಕೊಲೆಯ ನಂತರ ಎವರ್ಸ್ ಅಣ್ಣನ ಕರೆಗೆ ಓಗೊಟ್ಟು ರಸೆಲ್ ಜ್ಯಾಕ್ಸನ್ ಊರಿಗೆ ಹೋಗಿ, ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಒಟ್ಟಿಗೆ ಸೇರಿಸಿ ಬ್ಯಾಸ್ಕೆಟ್‌ಬಾಲ್ ಶಿಬಿರ ನಡೆಸಿದರು. ಜೀವದ ಅಪಾಯವಿದ್ದ ಕೆಲಸ ಅದು. ಅದೇ ಆಗಸ್ಟಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ವಾಷಿಂಗ್ಟನ್ ಮೆರವಣಿಗೆಗೂ ಹೋದರು. ವೇದಿಕೆಗೆ ಕರೆದರೆ, ಇದನ್ನು ಕಟ್ಟಿದವರು ಬೇರೆಯವರು ಎಂದು ಕೆಳಗೆ ಜನರ ಜೊತೆ ಕೂತರು.

ಮಕ್ಕಳಿಗಾಗಿ ಮಿಸಿಸಿಪ್ಪಿಗೆ ಹೋದ ಈ ಮನುಷ್ಯ ಬಾಸ್ಟನ್ನಿನಲ್ಲಿ ಮಗುವಿಗೂ ಸಹಿ ಹಾಕುವುದಿಲ್ಲವೆಂದರೆ ಏನರ್ಥ? ಇದಕ್ಕೆ ಅವರ ಮನೆಗೆ ಹೋಗಬೇಕು.

ಬಾಸ್ಟನ್ನಿನ ಉತ್ತರಕ್ಕೆ ರೆಡಿಂಗ್ ಎಂಬ ಊರು. ಹೆಚ್ಚುಕಡಿಮೆ ಎಲ್ಲರೂ ಬಿಳಿಯರೇ ಇದ್ದ ಆ ಊರಿನಲ್ಲಿ ರಸೆಲ್ ಸಂಸಾರವಿತ್ತು. 1963ರಲ್ಲಿ ಊರಿನವರು ಅವರಿಗೊಂದು ಸನ್ಮಾನ ಮಾಡಿದರು. ರಸೆಲ್ ಭಾವುಕರಾದರು, ಬದುಕಿನ ಕೊನೆಯವರೆಗೂ ಇಲ್ಲೇ ಇರುವ ಆಸೆ ಎಂದರು. ನಂತರ ಅದೇ ಊರಿನ ಇನ್ನೊಂದು ಭಾಗದಲ್ಲಿ ದೊಡ್ಡ ಮನೆ ಕೊಳ್ಳಲು ಹೊರಟಾಗ ಆ ಕಡೆಯವರು ಬೇಡವೆಂದು ಅರ್ಜಿಗೆ ಸಹಿ ಸಂಗ್ರಹಿಸಿದರು. ಸಹಿ ಕೊಡುವುದಿಲ್ಲ ಎಂದು ರಸೆಲ್‌ರನ್ನು ಬೈದವರ ಊರಿನಲ್ಲಿ ಸಹಿಗೇನೂ ಬರವಿರಲಿಲ್ಲ ನೋಡಿ.

ಮಗಳು ಕ್ಯಾರೆನ್ ರಸೆಲ್ 1987ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಭಾನುವಾರದ ಮ್ಯಾಗಜೀನಿನಲ್ಲಿ ಆ ಬಾಲ್ಯದ ಬಗ್ಗೆ ಬರೆದರು. ಮನೆಯ ಕಸದ ಡಬ್ಬಗಳನ್ನು ಯಾರೋ ಪದೇ ಪದೇ ಉರುಳಿಸುತ್ತಿದ್ದರು. ದೂರು ಕೊಟ್ಟರೆ ಪೊಲೀಸರು, ಅದು ರಕೂನ್ ಕೆಲಸ ಎಂದರು. ರಕೂನ್ ಅಂದರೆ ಅಲ್ಲಿನ ಒಂದು ಸಣ್ಣ ಕಾಡುಪ್ರಾಣಿ, ನಮ್ಮ ಪುನುಗುಬೆಕ್ಕಿನಷ್ಟು ಇರಬಹುದು. ಹಾಗಾದರೆ ಬಂದೂಕಿನ ಲೈಸೆನ್ಸಿಗೆ ಎಲ್ಲಿ ಅರ್ಜಿ ಹಾಕಬೇಕು ಎಂದು ರಸೆಲ್ ಕೇಳಿದರು. ಆಮೇಲೆ ರಕೂನುಗಳು ಬರಲಿಲ್ಲ. ಇಷ್ಟು ನಗಬಹುದಾದ ಕತೆ. ಇನ್ನೊಂದು ಸಲ ಸಂಸಾರ ಊರಲ್ಲಿಲ್ಲದಾಗ ಯಾರೋ ಮನೆಗೆ ನುಗ್ಗಿದರು. ಗೋಡೆಗಳ ಮೇಲೆ ಕಪ್ಪು ಜನರನ್ನು ಬೈಯುವ ಆ ಪದವನ್ನು ಬರೆದರು. ಗೆದ್ದ ಟ್ರೋಫಿಗಳನ್ನು ಒಡೆದರು. ಹಾಸಿಗೆಯ ಹೊದಿಕೆ ತೆಗೆದು ನೋಡಿದರೆ ಒಳಗೆ ಮಲ.

ಕದಿಯಲು ಬಂದವರು ಇದನ್ನು ಮಾಡುವುದಿಲ್ಲ. ಯಾರು ಮಾಡಿದರೆಂದು ಗೊತ್ತಾಗಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಮರುದಿನ ಬೀದಿಯಲ್ಲಿ ನಗುತ್ತಾ ಬಂದು ಪೆನ್ನು ಚಾಚುವವರಲ್ಲಿ ಅವರು ಯಾರು? ಗಾರ್ಡನ್‌ನಲ್ಲಿ ಎದ್ದು ನಿಂತು ಕೂಗುವವರಲ್ಲಿ? ಹಾಸಿಗೆಯಲ್ಲಿ ಅದನ್ನು ಕಂಡ ಮನುಷ್ಯ ಸಾವಿರ ಮುಖಗಳನ್ನು ಬೇರ್ಪಡಿಸಿ ನೋಡಬೇಕು ಎಂದು ನಾವು ಕೂತಲ್ಲಿಂದ ಹೇಳುವುದು ಸುಲಭ.

1964ರ ಜನವರಿಯಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಎಂಬ ಜನಪ್ರಿಯ ಪತ್ರಿಕೆ ರಸೆಲ್ ಬಗ್ಗೆ ಲೇಖನ ಪ್ರಕಟಿಸಿತು. ತಲೆಬರಹ ಅವರದೇ ಮಾತು. ಸಾರ್ವಜನಿಕರಿಗೆ ತಾನು ಕೊಡಬೇಕಾದದ್ದು ಏನೂ ಇಲ್ಲ ಎಂಬುದು ಅದರ ಅರ್ಥ. ಅನುವಾದ ಮಾಡಿ ಹೊಟ್ಟೆ ಹೊರೆಯುವವಳಾದ್ದರಿಂದ ಈ ಒಂದು ಸಾಲಿನ ಮುಂದೆ ಬಹಳ ಹೊತ್ತು ಕೂತಿದ್ದೇನೆ. 'ಬಾಕಿ' ಎಂದರೆ ಅಂಗಡಿಯ ಲೆಕ್ಕವಾಗುತ್ತದೆ. 'ಸಾಲ'ವೂ ಹಾಗೆಯೇ. 'ಋಣ' ಎಂದರೆ ಹೆತ್ತವರದ್ದು, ಗುರುವಿನದ್ದು, ಮಣ್ಣಿನದ್ದು, ತೀರಿಸಲಾಗದ್ದು. ಜನರ ಋಣ ನನಗಿಲ್ಲ ಎಂದರೆ ಕನ್ನಡದ ಕಿವಿಗೆ ಕೃತಘ್ನನ ಮಾತಿನಂತೆ ಕೇಳುತ್ತದೆ. ನಮ್ಮಲ್ಲಿ ನಟರು ಅಭಿಮಾನಿಗಳನ್ನು ದೇವರು ಎಂದು ಕರೆಯುವ ಪದ್ಧತಿ ಬೇರೆ ಇದೆ. ಕೊನೆಗೆ ನನಗೆ ಸರಿ ಅನ್ನಿಸಿದ ಪದ 'ಹಂಗು'. ನನಗೆ ನಿಮ್ಮ ಹಂಗಿಲ್ಲ. ಟಿಕೆಟಿಗೆ ನೀವು ಕೊಟ್ಟ ಹಣಕ್ಕೆ ಆಟ ತೋರಿಸಿದ್ದೇನೆ, ಇದ್ದುದರಲ್ಲಿ ಅತ್ಯುತ್ತಮ ಆಟ. ಅಲ್ಲಿಗೆ ಲೆಕ್ಕ ಮುಗಿಯಿತು. ಅದರಾಚೆ ನನ್ನ ನಗು, ನನ್ನ ಸಹಿ, ನನ್ನ ವಿನಯ ಇವು ಟಿಕೆಟಿನಲ್ಲಿ ಸೇರಿಲ್ಲ. ಕೈ ಕುಲುಕೋಣ, ಒಂದು ಕಪ್ ಕಾಫಿ ಕುಡಿಯುತ್ತಾ ಮಾತಾಡೋಣ, ಅದಾದರೆ ಬರುತ್ತೇನೆ ಎನ್ನುತ್ತಿದ್ದರು. ಸಹಿ ಕೇಳಲು ಬಂದ ಎಷ್ಟೋ ಜನಕ್ಕೆ ಆ ಮಾತುಕತೆ ಬೇಡವಾಗಿತ್ತು, ಕಾಗದ ಬೇಕಿತ್ತು.

ನಾನು ಕಾಗದ ಬೇಕಿದ್ದವರ ಪೈಕಿ. ಹನ್ನೆರಡನೆಯ ವಯಸ್ಸಿನಲ್ಲಿ ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಹೆಸರಾಂತ ಆಟಗಾರನ ಮುಂದೆ ನೋಟ್‌ಬುಕ್ ಹಿಡಿದು ನಿಂತಿದ್ದೆ. ಆತ ನೋಡದೆ ನಡೆದು ಹೋದ. ಮಾಮ ಪಕ್ಕದಲ್ಲಿದ್ದವನು, "ಸೊಕ್ಕು ನೋಡು ಅವಂದು" ಎಂದ. ಮುಂದಿನ ಹತ್ತು ವರ್ಷ ಆತ ಸೊನ್ನೆಗೆ ಔಟಾದಾಗಲೆಲ್ಲ ನನಗೆ ಒಳಗೊಳಗೇ ಖುಷಿ. ಆ ಖುಷಿ ಎಷ್ಟು ಸಣ್ಣದು ಎಂದು ಈಗ ಗೊತ್ತು. ಆದರೆ ಆ ಹುಡುಗಿಗೆ ಆದ ನೋವು ಸುಳ್ಳು ಎಂದು ಇವತ್ತೂ ಹೇಳಲಾರೆ. ರಸೆಲ್ ಹಾಗೆ ಬೆನ್ನು ತಿರುಗಿಸಿದ ಮಕ್ಕಳಲ್ಲಿ ಯಾರೂ ಯಾರ ಮನೆಯ ಗೋಡೆಯ ಮೇಲೂ ಏನನ್ನೂ ಬರೆದಿರಲಿಲ್ಲ. ಜೊತೆಗಾರರಾದ ಕಪ್ಪು ಆಟಗಾರರೇ ಎಷ್ಟೋ ಜನ ಅದೇ ಊರಿನಲ್ಲಿದ್ದು ಸಹಿ ಹಾಕುತ್ತಿದ್ದರು.

ಆದರೂ ಮಾಮ ಬಳಸಿದ ಆ ಪದದ ಬಳಿ ಒಂದಿಷ್ಟು ನಿಲ್ಲಬೇಕು. ರಸೆಲ್ ತಮ್ಮ ಬಗ್ಗೆ ಅಮೆರಿಕದ ಗುಪ್ತಚರ ಸಂಸ್ಥೆ ಎಫ್‌ಬಿಐ ಇಟ್ಟಿದ್ದ ಕಡತವನ್ನು ತರಿಸಿಕೊಂಡು ನೋಡಿದಾಗ, ಬಿಳಿಯ ಮಕ್ಕಳಿಗೆ ಆಟೋಗ್ರಾಫ್ ಕೊಡದ ಸೊಕ್ಕಿನ ನೀಗ್ರೋ ಎಂದು ಅದರಲ್ಲಿ ಬರೆದಿತ್ತು. ಅವರು ಕಪ್ಪು ಮಕ್ಕಳಿಗೂ ಕೊಡುತ್ತಿರಲಿಲ್ಲ, ಬಾಸ್ಟನ್ನಿನ ಯಾರಿಗೂ ಕೊಡುತ್ತಿರಲಿಲ್ಲ. ಕಡತಕ್ಕೆ ಕಂಡದ್ದು ಬಿಳಿಯ ಮಕ್ಕಳು ಮಾತ್ರ. ಒಂದು ದೇಶದ ಸರ್ಕಾರ ಆಟೋಗ್ರಾಫ್ ಲೆಕ್ಕ ಇಟ್ಟಿತ್ತು ಎಂಬುದೇ ಸಾಕು, ಇಲ್ಲಿ ವಿಷಯ ಶಿಷ್ಟಾಚಾರದ್ದಲ್ಲ ಎಂದು ತಿಳಿಯಲು.

ಸೊಕ್ಕು, ಕೊಬ್ಬು, ಧಿಮಾಕು. ಈ ಪದಗಳನ್ನು ನಮ್ಮ ಊರುಗಳಲ್ಲಿ ಯಾರ ಮೇಲೆ ಬಳಸುತ್ತಾರೆ ಎಂದು ನೆನಪಿಸಿಕೊಳ್ಳಿ. ಗೌಡರು ಮಾತಾಡಿಸದೆ ಹೋದರೆ ಅದು ಗತ್ತು, ಗಾಂಭೀರ್ಯ, ದೊಡ್ಡ ಮನುಷ್ಯರ ರೀತಿ. ಅವರ ಜಮೀನಿನ ಆಳಿನ ಮಗ ಓದಿ ಬಂದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈ ಮುಗಿಯದೆ ಹೋದರೆ ಅದು ಕೊಬ್ಬು. ಬಗ್ಗಬೇಕಾದವನು ಬಗ್ಗದಿದ್ದಾಗ ಮಾತ್ರ ಈ ಪದಗಳು ನಾಲಿಗೆಗೆ ಬರುತ್ತವೆ. ಮನ್ರೋದ ಪೊಲೀಸಿನವನಿಗೆ ರಸೆಲ್ ಅಮ್ಮನ ಸೂಟಿನಲ್ಲಿ ಕಂಡದ್ದೂ ಇದೇ.

ಇಷ್ಟು ಹೇಳಿದ ಮೇಲೆ ಬಾಸ್ಟನ್ನಿನ ಅಭಿಮಾನಿಗಳ ಪರವಾಗಿಯೂ ಮಾತಾಡಬೇಕು. ಗಾರ್ಡನ್‌ನಲ್ಲಿ 13,909 ಆಸನಗಳಿದ್ದವು. ಸತತವಾಗಿ ಗೆಲ್ಲುತ್ತಿದ್ದ ವರ್ಷಗಳಲ್ಲೂ ಸಾಮಾನ್ಯ ಪಂದ್ಯಗಳಿಗೆ ಅವು ತುಂಬುತ್ತಿರಲಿಲ್ಲ. ಅದೇ ಕಟ್ಟಡದಲ್ಲಿ ಆಡುತ್ತಿದ್ದ, ಸೋಲುವುದನ್ನೇ ರೂಢಿ ಮಾಡಿಕೊಂಡಿದ್ದ ಐಸ್ ಹಾಕಿ ತಂಡಕ್ಕೆ ಜನ ಮುಗಿಬೀಳುತ್ತಿದ್ದರು. ಇದಕ್ಕೆ ವರ್ಣದ್ವೇಷವೊಂದೇ ಕಾರಣ ಎಂದು ಬರೆಯುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಾಸ್ಟನ್ ಮೊದಲಿನಿಂದಲೂ ಹಾಕಿಯ ಊರು. ರಸೆಲ್ ಬರುವ ಮೊದಲೂ ಸೆಲ್ಟಿಕ್ಸ್‌ಗೆ ಜನ ಅಷ್ಟಕ್ಕಷ್ಟೆ. ಆಡಳಿತದ ವಿಷಯಕ್ಕೆ ಬಂದರೆ, 1950ರಲ್ಲಿ ಚಕ್ ಕೂಪರ್ ಎಂಬ ಕಪ್ಪು ಆಟಗಾರನನ್ನು ಲೀಗಿನಲ್ಲೇ ಮೊದಲ ಬಾರಿಗೆ ಆರಿಸಿಕೊಂಡದ್ದು, 1964ರಲ್ಲಿ ಮೊದಲ ಬಾರಿಗೆ ಐದಕ್ಕೆ ಐದೂ ಕಪ್ಪು ಆಟಗಾರರಿಂದ ಪಂದ್ಯ ಆರಂಭಿಸಿದ್ದು, 1966ರಲ್ಲಿ ರಸೆಲ್‌ರನ್ನು ಕೋಚ್ ಮಾಡಿ ಮೊದಲ ಬಾರಿಗೆ ಒಬ್ಬ ಕಪ್ಪು ಮನುಷ್ಯನ ಕೈಗೆ ಇಂಥ ತಂಡ ಕೊಟ್ಟದ್ದು, ಎಲ್ಲವೂ ಸೆಲ್ಟಿಕ್ಸ್. ಚೇಂಬರ್ಲಿನ್‌ಗೆ ವರ್ಷಕ್ಕೆ 1,00,000 ಡಾಲರ್ ಎಂದು ಕೇಳಿದಾಗ ರಸೆಲ್ 1,00,001 ಕೇಳಿದರು, ತಂಡ ಕೊಟ್ಟಿತು. ಆದರೆ 1963ರ ಮಾರ್ಚಿನಲ್ಲಿ ಬಿಳಿಯ ನಾಯಕ ಬಾಬ್ ಕೂಸಿ ವಿದಾಯ ಹೇಳಿದ ದಿನ ಅದೇ ಗಾರ್ಡನ್ ಕಿಕ್ಕಿರಿದು ತುಂಬಿತ್ತು, ಇಡೀ ಊರು ಅತ್ತಿತ್ತು. ಊರಿಗೆ ಪ್ರೀತಿಸಲು ಬರುತ್ತಿತ್ತು.

ಆ ಕೂಸಿ ಒಳ್ಳೆಯ ಮನುಷ್ಯ. ಮುಪ್ಪಿನಲ್ಲಿ, ಜೊತೆಗಾರನಾಗಿ ತಾನು ರಸೆಲ್ ಪಕ್ಕದಲ್ಲಿ ಇನ್ನೂ ಗಟ್ಟಿಯಾಗಿ ನಿಲ್ಲಬೇಕಿತ್ತು ಎಂದು ಕ್ಯಾಮೆರಾ ಮುಂದೆ ಅತ್ತರು. ಎಂಬತ್ತು ದಾಟಿದ ಮೇಲೆ ರಸೆಲ್‌ಗೆ ಕ್ಷಮೆ ಕೇಳಿ ಪತ್ರ ಬರೆದರು. ಉತ್ತರ ಬೇಗ ಬರಲಿಲ್ಲ. ರಸೆಲ್ ಫೋನ್ ಮಾಡಿದ್ದು ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

ಇದು ರಸೆಲ್ ಸ್ವಭಾವದ ಇನ್ನೊಂದು ಮುಖ, ಅದನ್ನು ಮುಚ್ಚಿಡುವುದು ಸರಿಯಲ್ಲ. 1969ರ ಅಂತಿಮ ಸರಣಿಯ ಏಳನೆಯ ಪಂದ್ಯ ಲಾಸ್ ಏಂಜಲಿಸ್‌ನಲ್ಲಿ. ಗೆಲುವು ಖಚಿತವೆಂದು ಅಲ್ಲಿನ ಮಾಲೀಕರು ಛಾವಣಿಗೆ ಸಾವಿರಾರು ಬಲೂನು ಕಟ್ಟಿಸಿದ್ದರು. ಬಾಸ್ಟನ್ 108–106ರಲ್ಲಿ ಗೆದ್ದಿತು, ಬಲೂನುಗಳು ಅಲ್ಲೇ ನೇತಾಡಿದವು. ಆ ಪಂದ್ಯದ ಕೊನೆಯಲ್ಲಿ ಎದುರಾಳಿ ಚೇಂಬರ್ಲಿನ್ ಮೊಣಕಾಲಿನ ಪೆಟ್ಟಿನಿಂದ ಹೊರಗೆ ಕೂತಿದ್ದರು. ಕೆಲವೇ ದಿನಗಳಲ್ಲಿ ರಸೆಲ್ ಕಾಲೇಜು ವಿದ್ಯಾರ್ಥಿಗಳ ಮುಂದೆ, ಅಷ್ಟು ಸಣ್ಣ ಪೆಟ್ಟಿಗೆ ಅಂಥ ಪಂದ್ಯ ಬಿಟ್ಟು ಹೊರಗೆ ಹೋಗಬಾರದಿತ್ತು ಎಂಬರ್ಥದಲ್ಲಿ ಮಾತಾಡಿಬಿಟ್ಟರು. ಹತ್ತು ವರ್ಷ ಎದುರು ಬದುರು ಆಡುತ್ತಲೇ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಹಬ್ಬದೂಟ ಮಾಡಿದ್ದ ಗೆಳೆಯ ಅವರು. ಇಬ್ಬರೂ ಎರಡು ದಶಕ ಮಾತು ಬಿಟ್ಟರು. ಕೊನೆಗೆ ರಸೆಲ್ ತಪ್ಪೊಪ್ಪಿಕೊಂಡರು.

ಅದೇ ಬೇಸಿಗೆ ನಿವೃತ್ತಿ. ತಂಡಕ್ಕೆ ಸರಿಯಾಗಿ ಹೇಳಲೂ ಇಲ್ಲ. ಹಣ ಪಡೆದು ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯಲ್ಲಿ ಬರೆದು ಪ್ರಕಟಿಸಿದರು. ಬಾಸ್ಟನ್ ಓದಿ ತಿಳಿದುಕೊಂಡಿತು. ಊರು ಬಿಟ್ಟು ಹೋದರು. 1979ರ ಪುಸ್ತಕವೊಂದರಲ್ಲಿ, ಎಲ್ಲ ಬಗೆಯ ವರ್ಣದ್ವೇಷವೂ ಸಿಗುವ ಸಂತೆಗೆ ಬಾಸ್ಟನ್ನನ್ನು ಹೋಲಿಸಿದರು. ಬಹಳ ವರ್ಷಗಳ ನಂತರ ಒಂದು ಕಾಲ ಬಂತು, ದೊಡ್ಡ ಮೊತ್ತ ಕೊಟ್ಟವರಿಗೆ ರಸೆಲ್ ಆಟೋಗ್ರಾಫ್ ಹಾಕಿದರು. ಇದನ್ನು ಎತ್ತಿ ತೋರಿಸಿ, ನೋಡಿ ಇಷ್ಟೇ ಅವನ ತತ್ವ ಎಂದವರಿದ್ದಾರೆ. ನನಗೆ ಇದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ಹಂಗಿಲ್ಲದ ವ್ಯವಹಾರಕ್ಕೆ ಅವರು ಯಾವತ್ತೂ ಬೇಡ ಎಂದಿರಲಿಲ್ಲ. ಆದರೂ ಆ ಬೆಲೆಪಟ್ಟಿ ನೋಡಿದರೆ ನನ್ನೊಳಗಿನ ಹುಬ್ಬಳ್ಳಿಯ ಹುಡುಗಿಗೆ ಈಗಲೂ ಇರುಸುಮುರುಸು.

ಸಂತೆಯ ಹೋಲಿಕೆ ಉತ್ಪ್ರೇಕ್ಷೆಯೇ? ಅಷ್ಟರಲ್ಲಾಗಲೇ ಬಾಸ್ಟನ್ ತಾನೇ ಉತ್ತರ ಕೊಟ್ಟಿತ್ತು. 1974ರಲ್ಲಿ ನ್ಯಾಯಾಲಯ ಶಾಲೆಗಳಲ್ಲಿ ಕಪ್ಪು ಮತ್ತು ಬಿಳಿಯ ಮಕ್ಕಳು ಒಟ್ಟಿಗೆ ಓದುವಂತೆ ಬಸ್ಸುಗಳಲ್ಲಿ ಕಳಿಸಬೇಕೆಂದು ಆದೇಶಿಸಿದಾಗ, ದಕ್ಷಿಣ ಬಾಸ್ಟನ್ನಿನಲ್ಲಿ ಕಪ್ಪು ಮಕ್ಕಳಿದ್ದ ಬಸ್ಸುಗಳಿಗೆ ಕಲ್ಲು ಬಿದ್ದವು. 1976ರ ಏಪ್ರಿಲ್ 5ರಂದು ನಗರಸಭೆಯ ಮುಂದಿನ ಚೌಕದಲ್ಲಿ, ಬಿಳಿಯ ಹುಡುಗನೊಬ್ಬ ಅಮೆರಿಕದ ಧ್ವಜದ ಕೋಲನ್ನೇ ಹಿಡಿದು ಟೆಡ್ ಲ್ಯಾಂಡ್ಸ್‌ಮಾರ್ಕ್ ಎಂಬ ಕಪ್ಪು ವಕೀಲರ ಮೇಲೆರಗಿದ. ಸ್ಟ್ಯಾನ್ಲಿ ಫೋರ್ಮನ್ ತೆಗೆದ ಆ ಫೋಟೋ ಪುಲಿಟ್ಜರ್ ಪಡೆಯಿತು.

1975ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್, ಅಂದರೆ ಆ ಆಟದ ಗಣ್ಯರ ಪಟ್ಟಿ, ರಸೆಲ್‌ರನ್ನು ಆರಿಸಿತು. ಆ ಗೌರವ ಪಡೆದ ಮೊದಲ ಕಪ್ಪು ಆಟಗಾರ ಅವರಾಗುತ್ತಿದ್ದರು. ಅವರು ಸಮಾರಂಭಕ್ಕೆ ಹೋಗಲಿಲ್ಲ, ಬೇಡವೆಂದರು. ಮತ್ತೆ ಅದೇ ಬೈಗುಳ, ಅದೇ ಪದ.

1999ರ ಮೇ ತಿಂಗಳಲ್ಲಿ ಬಾಸ್ಟನ್ನಿನ ಹೊಸ ಕ್ರೀಡಾಂಗಣದಲ್ಲಿ ಅವರ 6ನ್ನು ಎರಡನೆಯ ಬಾರಿ ಮೇಲೇರಿಸಿದರು, ಈ ಸಲ ಜನರ ಮುಂದೆ. ಚೇಂಬರ್ಲಿನ್ ಕೂಡ ಬಂದಿದ್ದರು, ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು. ಜನ ಎದ್ದು ನಿಂತು ಚಪ್ಪಾಳೆ ನಿಲ್ಲಿಸಲೇ ಇಲ್ಲ, ರಸೆಲ್ ಕಣ್ಣಲ್ಲಿ ನೀರು ಬಂತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಅವರ ಆಟವನ್ನು ಕಣ್ಣಾರೆ ನೋಡಿದವರಲ್ಲ, ಅವರನ್ನು ಬೈದವರ ಮಕ್ಕಳು. 2011ರಲ್ಲಿ ಒಬಾಮಾ ಅವರಿಗೆ ದೇಶದ ಅತ್ಯುನ್ನತ ನಾಗರಿಕ ಪದಕ ತೊಡಿಸುತ್ತಾ, ಬಾಸ್ಟನ್ನಿನಲ್ಲಿ ಇವರದೊಂದು ಪ್ರತಿಮೆ ಎದ್ದೀತೆಂಬ ಆಸೆ ವ್ಯಕ್ತಪಡಿಸಿದರು. 2013ರ ನವೆಂಬರ್ 1ರಂದು ಪ್ರತಿಮೆ ಎದ್ದಿತು, ನಗರಸಭೆಯ ಮುಂದಿನ ಅದೇ ಚೌಕದಲ್ಲಿ. 2022ರ ಜುಲೈ 31ರಂದು 88ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲೆ ಇಡೀ ಲೀಗಿನಲ್ಲೇ 6ನ್ನು ನಿವೃತ್ತಿಗೊಳಿಸಿದರು. ಬೇರೆ ಯಾವ ಆಟಗಾರನಿಗೂ ಅಲ್ಲಿಯವರೆಗೆ ಹಾಗೆ ಮಾಡಿರಲಿಲ್ಲ.

ಆದರೆ ಇವೆಲ್ಲದರ ನಡುವೆ ನನಗೆ ಮತ್ತೆ ಮತ್ತೆ ನೆನಪಾಗುವುದು 2019. ಹಾಲ್ ಆಫ್ ಫೇಮ್‌ನ ಉಂಗುರವನ್ನು ಬೇಡವೆಂದು 44 ವರ್ಷವಾಗಿತ್ತು. ಆ ಸೆಪ್ಟೆಂಬರಿನಲ್ಲಿ ಚಕ್ ಕೂಪರ್ ಅವರನ್ನು, 1950ರಲ್ಲಿ ಆಯ್ಕೆಯಾದ ಆ ಮೊದಲ ಕಪ್ಪು ಆಟಗಾರನನ್ನು, ಪಟ್ಟಿಗೆ ಸೇರಿಸಿದರು. ಕೂಪರ್ ಸತ್ತು ಆಗಲೇ 35 ವರ್ಷ. ನವೆಂಬರಿನಲ್ಲಿ ರಸೆಲ್ ಕೆಲವೇ ಆಪ್ತರ ನಡುವೆ ಉಂಗುರ ತೊಟ್ಟುಕೊಂಡು, ಫೋಟೋದ ಜೊತೆಗೆ ಕಾರಣವನ್ನೂ ಬರೆದರು. ತನಗಿಂತ ಮೊದಲು ಬಂದವರಿಗೆ ಈ ಗೌರವ ಮೊದಲು ಸಲ್ಲಬೇಕಿತ್ತು, ಕೂಪರ್ ಒಳಗೆ ಬಂದದ್ದು ನೋಡಿ ಸಂತೋಷವಾಯಿತು ಎಂದು. ಅಷ್ಟೂ ವರ್ಷ ಜನ ಸೊಕ್ಕು ಎಂದದ್ದಕ್ಕೆ ಈ ಮಾತನ್ನು ಅವರು ಎಂದೋ ಹೇಳಿಬಿಡಬಹುದಿತ್ತು. ಹೇಳಿರಲಿಲ್ಲ.